ಚಿಪ್ಪು ಸುಟ್ಟು ಸುಣ್ಣ ಮಾಡಿದಾಗ ಅರ್ಧ ತೂಕ ಎಲ್ಲಿ ಹೋಗುತ್ತದೆ? ಗೋಡೆಯ ಮೇಲೆ ಅದು ಮತ್ತೆ ಕಲ್ಲಾದರೆ ಅದು ಯಾವ ಬದಲಾವಣೆ?

ಅಘನಾಶಿನಿ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ತರಗತಿ. ಅವಳಿಗೆ ಈಗ ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಪಾಠ ನಡೆಯುತ್ತಿದೆ. ನೋಟ್ಸ್‌ನಲ್ಲಿ ಇರುವುದು ಇಷ್ಟು: ಭೌತ ಬದಲಾವಣೆಯನ್ನು ವಾಪಸ್ ಮಾಡಬಹುದು, ರಾಸಾಯನಿಕ ಬದಲಾವಣೆಯನ್ನು ವಾಪಸ್ ಮಾಡಲು ಆಗುವುದಿಲ್ಲ. ಮಂಜುಗಡ್ಡೆ ಕರಗುವುದು ಮೊದಲನೆಯದಕ್ಕೆ ಉದಾಹರಣೆ, ಕಟ್ಟಿಗೆ ಉರಿಯುವುದು ಎರಡನೆಯದಕ್ಕೆ.

ನಮ್ಮ ಕಡೆ ಹೊಳೆಯ ಬಳಚಿನ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ನಮ್ಮ ಅಪ್ಪ ಆ ಕೆಲಸವನ್ನು ಹತ್ತಿರದಿಂದ ನೋಡಿದವರು. ಅವರು ಮೊಮ್ಮಗಳಿಗೆ ಹೇಳಿದ್ದು ಹೀಗೆ: ಗೂಡಿಗೆ ಹಾಕಿದ ಚಿಪ್ಪು ಸುಟ್ಟ ಮೇಲೆ ಹೆಚ್ಚುಕಮ್ಮಿ ಅರ್ಧ ತೂಕಕ್ಕೆ ಇಳಿಯುತ್ತದೆ, ಅದಕ್ಕೆ ನೀರು ಹಾಕಿದರೆ ತಾನಾಗಿಯೇ ಕೊತಕೊತ ಕುದಿದು ಪುಡಿಯಾಗುತ್ತದೆ, ಅದನ್ನು ಕದಡಿ ಗೋಡೆಗೆ ಬಳಿದರೆ ಕೆಲವು ದಿನದಲ್ಲಿ ಮತ್ತೆ ಗಟ್ಟಿಯಾಗಿ ಚಿಪ್ಪಿನ ಗುಣಕ್ಕೇ ಬರುತ್ತದೆ.

ಈಗ ಅವಳು ಎರಡು ಪ್ರಶ್ನೆ ಹಿಡಿದುಕೊಂಡು ಕೂತಿದ್ದಾಳೆ. ಮತ್ತೆ ಚಿಪ್ಪಿನ ಗುಣಕ್ಕೆ ಬರುವುದಾದರೆ ಇದು ವಾಪಸ್ ಆದ ಹಾಗೆ ಅಲ್ವಾ, ಹಾಗಾದರೆ ಭೌತ ಬದಲಾವಣೆಯೇ? ಇನ್ನೊಂದು, ಅಣ್ಣನ ಒಂಬತ್ತನೇ ತರಗತಿ ಪುಸ್ತಕದಲ್ಲಿ ರಾಶಿ ಸಂರಕ್ಷಣಾ ನಿಯಮ ಅಂತ ಇದೆ, ರಾಶಿಯನ್ನು (ಅಂದರೆ ವಸ್ತು ಎಷ್ಟಿದೆ ಅನ್ನುವ ಪ್ರಮಾಣವನ್ನು) ಸೃಷ್ಟಿಸಲೂ ಆಗದು ನಾಶ ಮಾಡಲೂ ಆಗದು ಅಂತ. ಹಾಗಿದ್ದ ಮೇಲೆ ಗೂಡಿನಲ್ಲಿ ಅರ್ಧ ತೂಕ ಹೋಗಿದ್ದು ಎಲ್ಲಿಗೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಸುಮ್ನೆ ಬಾಯಿಪಾಠ ಮಾಡು ಅಂತ ಅವಳಿಗೆ ಹೇಳಲು ಮನಸ್ಸಿಲ್ಲ.


ಹೈಸ್ಕೂಲ್ ಮೇಷ್ಟ್ರು

ಮಗುವಿನ ಪ್ರಶ್ನೆ ಕೇಳಿ ಬಹಳ ಖುಷಿಯಾಯಿತು. ದಯವಿಟ್ಟು ಅವಳನ್ನು ಬಾಯಿಪಾಠಕ್ಕೆ ಹಚ್ಚಬೇಡಿ.

ಮೊದಲು ನೋಟ್ಸ್‌ನ ವಿಷಯ. ವಾಪಸ್ ಆಗುತ್ತದೋ ಇಲ್ಲವೋ ಅನ್ನುವುದು ಒಂದು ಸುಳಿವು ಮಾತ್ರ, ಅದರ ಮೇಲೆ ತೀರ್ಮಾನ ಮಾಡಬಾರದು. ಗಾಜಿನ ಲೋಟ ಬಿದ್ದು ಒಡೆದರೆ ವಾಪಸ್ ಲೋಟ ಆಗುವುದಿಲ್ಲ. ಆದರೂ ಪ್ರತಿ ಚೂರೂ ಗಾಜೇ. ಅದು ಭೌತ ಬದಲಾವಣೆ. ಮನೆಯ ಯುಪಿಎಸ್ ಬ್ಯಾಟರಿ ನೋಡಿ. ಕರೆಂಟ್ ಹೋದಾಗ ಒಳಗಿನ ಸೀಸ ಮತ್ತು ಸೀಸದ ಡೈಆಕ್ಸೈಡ್ ಆಸಿಡ್ ಜೊತೆ ಸೇರಿ ಸೀಸದ ಸಲ್ಫೇಟ್ ಆಗುತ್ತವೆ. ಕರೆಂಟ್ ಬಂದು ಚಾರ್ಜ್ ಆಗುವಾಗ ಅದೇ ಸಲ್ಫೇಟ್ ಮತ್ತೆ ಸೀಸ ಮತ್ತು ಡೈಆಕ್ಸೈಡ್ ಆಗುತ್ತದೆ. ಇದು ವರ್ಷಗಟ್ಟಲೆ ಹಿಂದೆ ಮುಂದೆ ನಡೆಯುತ್ತಲೇ ಇರುತ್ತದೆ, ಆದರೂ ಅಪ್ಪಟ ರಾಸಾಯನಿಕ ಬದಲಾವಣೆ. ಕೇಳಬೇಕಾದ್ದು ಇಷ್ಟೇ: ಬದಲಾದ ಮೇಲೆ ಇರುವುದು ಹಳೆಯ ವಸ್ತುವೇ, ಅಥವಾ ಬೇರೆಯದೇ ಗುಣದ ಹೊಸ ವಸ್ತುವೇ?

ಬಣ್ಣ ಬದಲಾಯಿತು, ಗುಳ್ಳೆ ಬಂತು, ಬಿಸಿಯಾಯಿತು ಅನ್ನುವುದೂ ಅಷ್ಟೇ, ಬರೀ ಸುಳಿವು. ನೀರು ಕುದಿಯುವಾಗಲೂ ಗುಳ್ಳೆ ಬರುತ್ತದೆ, ಅದು ಆವಿ, ನೀರೇ. ಯೂರಿಯಾವನ್ನು ನೀರಿಗೆ ಹಾಕಿದರೆ ಬಕೆಟ್ ತಣ್ಣಗಾಗುತ್ತದೆ, ಅದು ಕರಗಿದ್ದು ಮಾತ್ರ, ನೀರು ಆರಿದರೆ ಯೂರಿಯಾ ಹಾಗೇ ಸಿಗುತ್ತದೆ. ಕರ್ಪೂರ ಇನ್ನೂ ಚೆನ್ನಾಗಿದೆ, ಒಂದೇ ವಸ್ತುವಿನಲ್ಲಿ ಎರಡೂ ಸಿಗುತ್ತವೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಕರ್ಪೂರ ದಿನದಿಂದ ದಿನಕ್ಕೆ ಸಣ್ಣಗಾಗುತ್ತದೆ. ಅದು ಆವಿಯಾಗಿ ಗಾಳಿಗೆ ಹೋಗಿದೆ, ಆ ಆವಿಯೂ ಕರ್ಪೂರವೇ, ಅದಕ್ಕೇ ಮೂಗಿಗೆ ವಾಸನೆ ಗೊತ್ತಾಗುತ್ತದೆ. ಅದು ಭೌತ. ಅದನ್ನೇ ಮಂಗಳಾರತಿ ತಟ್ಟೆಯಲ್ಲಿ ಹಚ್ಚಿದರೆ ಕಾರ್ಬನ್ ಡೈಆಕ್ಸೈಡ್, ನೀರಿನ ಆವಿ, ಒಂದಿಷ್ಟು ಮಸಿ ಆಗುತ್ತದೆ. ಅವು ಯಾವುವೂ ಕರ್ಪೂರ ಅಲ್ಲ. ಅದು ರಾಸಾಯನಿಕ. ಎರಡೂ ಸಲ ತಟ್ಟೆ ಖಾಲಿ, ಆದರೆ ಆಗಿದ್ದು ಬೇರೆ ಬೇರೆ.

ಈಗ ಸುಣ್ಣ. ಚಿಪ್ಪು ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್, ಸುಣ್ಣದ ಕಲ್ಲೂ ಅದೇ. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಒಡೆದು ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ, ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹೊಸ ವಸ್ತು ಹೌದೋ ಅಲ್ಲವೋ ಅನ್ನುವುದಕ್ಕೆ ಅಪ್ಪ ಹೇಳಿದ ಮಾತೇ ಸಾಕ್ಷಿ. ಚಿಪ್ಪಿಗೆ ನೀರು ಹಾಕಿದರೆ ಒದ್ದೆಯಾಗುತ್ತದೆ ಅಷ್ಟೇ, ಸುಟ್ಟ ಸುಣ್ಣಕ್ಕೆ ಹಾಕಿದರೆ ಕುದಿಯುತ್ತದೆ. ಹಾಗೆ ಕುದಿದಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಪುಸ್ತಕದಲ್ಲಿ ಅರಳಿದ ಸುಣ್ಣ ಅನ್ನುವುದು ಇದಕ್ಕೇ. ಗೋಡೆಗೆ ಬಳಿದ ಮೇಲೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್. ಮೂರು ಹೆಜ್ಜೆಯೂ ರಾಸಾಯನಿಕ. ಇನ್ನೊಂದು ಗಮನಿಸಿ, ಹೋದ ದಾರಿಯಲ್ಲೇ ಅದು ಹಿಂದೆ ಬರಲಿಲ್ಲ. ಹೋಗುವಾಗ ಬೆಂಕಿಯ ದಾರಿ, ಬರುವಾಗ ನೀರು ಮತ್ತು ಗಾಳಿಯ ದಾರಿ.

ತೂಕದ ಲೆಕ್ಕ ಹೀಗಿದೆ. ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್ 100 ಕಿಲೋ ಅಂತ ಇಟ್ಟುಕೊಳ್ಳಿ. ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಗೂಡಿನಲ್ಲಿ ಉಳಿಯುತ್ತದೆ, 44 ಕಿಲೋ ಕಾರ್ಬನ್ ಡೈಆಕ್ಸೈಡ್ ಗೂಡಿನ ಬಾಯಿಂದ ಗಾಳಿಗೆ ಹೋಗುತ್ತದೆ. ಆ 56 ಕಿಲೋ 18 ಕಿಲೋ ನೀರನ್ನು ತನ್ನೊಳಗೆ ಸೇರಿಸಿಕೊಂಡು 74 ಕಿಲೋ ಅರಳಿದ ಸುಣ್ಣ ಆಗುತ್ತದೆ. ನಾವು ಹಾಕುವ ನೀರು ಇದಕ್ಕಿಂತ ಜಾಸ್ತಿ ಇರುತ್ತದೆ, ಸ್ವಲ್ಪ ಆವಿಯಾಗಿ ಹೋಗುತ್ತದೆ, ಸ್ವಲ್ಪ ಸುಣ್ಣದಲ್ಲಿ ಬರೀ ಒದ್ದೆಯಾಗಿ ಉಳಿಯುತ್ತದೆ. ಗೋಡೆಯಲ್ಲಿ 74 ಕಿಲೋ ಸುಣ್ಣ ಗಾಳಿಯಿಂದ 44 ಕಿಲೋ ಕಾರ್ಬನ್ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ, ಕೂಡಿಸಿದರೆ 118. ಅದರಲ್ಲಿ 100 ಕಿಲೋ ಕಾರ್ಬೋನೇಟ್ ಆಗಿ ಗೋಡೆಯಲ್ಲಿ ನಿಲ್ಲುತ್ತದೆ, 18 ಕಿಲೋ ನೀರಾಗಿ ಹೊರಗೆ ಬರುತ್ತದೆ. ಒಂದು ಗ್ರಾಂ ಕೂಡ ಕಾಣೆಯಾಗಿಲ್ಲ. ಮಗಳ ಕೈಯಲ್ಲೇ ಈ ಕೂಡುವ ಕಳೆಯುವ ಲೆಕ್ಕ ಮಾಡಿಸಿ.


ತೋಟದ ಮನೆ, ತೀರ್ಥಹಳ್ಳಿ ಕಡೆ

ಮೇಷ್ಟ್ರು ಹೇಳಿದ್ದನ್ನು ನಾವು ಅಡಿಕೆ ತೋಟದವರು ಪ್ರತಿ ಮಳೆಗಾಲ ಕಣ್ಣಾರೆ ನೋಡುತ್ತೇವೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರಲ್ಲೂ ಸುಣ್ಣ ಇದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ನೀರಿನಲ್ಲಿ ಕರಗಿದಾಗ ನೀಲಿ ನೀರು, ಆಚೆಯ ಡ್ರಮ್ಮಿನಲ್ಲಿ ಬಿಳಿ ಸುಣ್ಣದ ನೀರು. ಮೈಲುತುತ್ತ ಕರಗುವುದು ಬರೀ ಕರಗುವುದೇ, ಒಣಗಿಸಿದರೆ ಅದೇ ನೀಲಿ ಹರಳು ವಾಪಸ್ ಸಿಗುತ್ತದೆ. ಎರಡನ್ನೂ ಸೇರಿಸಿದಾಗ ಮಾತ್ರ ಕಥೆ ಬೇರೆ. ತಿಳಿ ಹೋಗಿ ಆಕಾಶದ ಬಣ್ಣದ ಮಂದ ದ್ರಾವಣ ಆಗುತ್ತದೆ, ಅದರ ಸಣ್ಣ ಕಣಗಳು ನೀರಿನಲ್ಲಿ ಕರಗುವುದಿಲ್ಲ, ಗೊನೆಗೆ ಅಂಟಿಕೊಂಡು ಮಳೆಗೆ ಅಷ್ಟು ಸುಲಭಕ್ಕೆ ತೊಳೆದು ಹೋಗುವುದಿಲ್ಲ. ಬರೀ ಮೈಲುತುತ್ತದ ನೀರು ಹೊಡೆದರೆ ಗಿಡ ಸುಟ್ಟುಹೋಗುತ್ತದೆ. ಬೇರೆ ವಸ್ತು ಆಗಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಏನು ಬೇಕು? ಆದರೆ ಡ್ರಮ್ಮಿನ ಒಟ್ಟು ತೂಕ ಸೇರಿಸುವ ಮೊದಲೂ ಅಷ್ಟೇ, ಸೇರಿಸಿದ ಮೇಲೂ ಅಷ್ಟೇ. ಇಲ್ಲಿ ಅನಿಲ ಏನೂ ಹೊರಗೆ ಹೋಗುವುದಿಲ್ಲ, ಹಾಗಾಗಿ ಲೆಕ್ಕ ನೇರ.

ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಉಜ್ಜಿ ತೊಳೆದ ಕತ್ತಿಯನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದುತ್ತೇವೆ. ಕತ್ತಿಯ ಮೇಲೆ ಕೆಂಪು ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಮಗಳಿಗೆ ಇದನ್ನು ತೋರಿಸಿದರೆ ಒಳ್ಳೆಯದು. ಬಳಿದ ಬಣ್ಣ ಅಲ್ಲ ಅದು. ಕಬ್ಬಿಣ ಸ್ವಲ್ಪ ನೀರಿಗೆ ಇಳಿದು ಅದರ ಜಾಗದಲ್ಲಿ ತಾಮ್ರ ಬಂದು ಕೂತದ್ದು. ಇದೇ ಕಾರಣಕ್ಕೆ ಮೈಲುತುತ್ತವನ್ನು ಕಬ್ಬಿಣದ ಡಬ್ಬದಲ್ಲಿ ಕರಗಿಸಬಾರದು, ಪ್ಲಾಸ್ಟಿಕ್ ಡ್ರಮ್ ಬೇಕು.


ಹೈಸ್ಕೂಲ್ ಮೇಷ್ಟ್ರು

ತೋಟದ ಮನೆಯವರ ಕತ್ತಿಯ ಪರೀಕ್ಷೆಗೆ ಒಂದು ಲೆಕ್ಕ ಸೇರಿಸುತ್ತೇನೆ. ಸುಮಾರು 56 ಗ್ರಾಂ ಕಬ್ಬಿಣ ನೀರಿಗೆ ಇಳಿದರೆ ಸುಮಾರು 63.5 ಗ್ರಾಂ ತಾಮ್ರ ಬಂದು ಕೂರುತ್ತದೆ. ಅಂದರೆ ಕತ್ತಿ ಏಳೂವರೆ ಗ್ರಾಂ ಹೆಚ್ಚು ತೂಗುತ್ತದೆ, ದ್ರಾವಣ ಅಷ್ಟೇ ಕಡಿಮೆ ತೂಗುತ್ತದೆ. ಒಂದು ನಿಮಿಷದ ಅದ್ದುವಿಕೆಯಲ್ಲಿ ಕೂರುವುದು ತೀರಾ ತೆಳು ಪದರ, ತಕ್ಕಡಿಗೆ ಗೊತ್ತಾಗುವುದಿಲ್ಲ. ಆದರೆ ಹತ್ತನೇ ತರಗತಿಯ ಮಕ್ಕಳು ಮೊಳೆ ಹಾಕಿ ಇದೇ ಪ್ರಯೋಗ ಮಾಡುತ್ತಾರೆ.


ಅಘನಾಶಿನಿ ತೀರ

ಮೇಷ್ಟ್ರಿಗೆ, ತೋಟದ ಮನೆ ಅಣ್ಣನಿಗೆ ತುಂಬಾ ಧನ್ಯವಾದ. ಲೆಕ್ಕ ಮಾಡಿಸಿದೆ, 118 ಬಂದಾಗ ಅವಳ ಮುಖ ನೋಡಬೇಕಿತ್ತು. ಈಗ ಅವಳಿಗೆ ತೂಕ ಉಳಿಯುವುದನ್ನು ತಾನೇ ನೋಡಬೇಕಂತೆ. ಬಾಟಲಿಯಲ್ಲಿ ವಿನೆಗರ್, ಬಲೂನಿನಲ್ಲಿ ಅಡುಗೆ ಸೋಡಾ ಹಾಕಿ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ ತೂಗುವ ಪ್ರಯೋಗ ವೀಡಿಯೋದಲ್ಲಿ ನೋಡಿದ್ದಾಳೆ. ನಮ್ಮ ಹತ್ತಿರ ಸಣ್ಣ ಡಿಜಿಟಲ್ ತಕ್ಕಡಿ ಇದೆ, 0.1 ಗ್ರಾಂ ತೋರಿಸುತ್ತದೆ. ಬಲೂನು ಉಬ್ಬಿದ ಮೇಲೆ ತೂಕ ಸ್ವಲ್ಪ ಕಡಿಮೆ ತೋರಿಸಿತು. ಎಲ್ಲೂ ಸೋರಿಲ್ಲ, ಬಾಯಿಗೆ ದಾರ ಬಿಗಿದು ನೋಡಿದೆವು. ನಿಯಮ ಸುಳ್ಳಾ ಅಂತ ಕೇಳುತ್ತಿದ್ದಾಳೆ.


ಪ್ರಯೋಗಶಾಲೆ ಕೆಲಸ

ನಿಯಮ ಸರಿಯಾಗಿಯೇ ಇದೆ, ಬಲೂನೂ ಸೋರಿಲ್ಲ. ತೊಂದರೆ ಇರುವುದು ಸುತ್ತಲಿನ ಗಾಳಿಯಲ್ಲಿ. ನೀರಿನಲ್ಲಿ ಕೊಡ ಹಗುರ ಅನ್ನಿಸುವ ಹಾಗೆ ಗಾಳಿಯಲ್ಲೂ ಪ್ರತಿ ವಸ್ತುವನ್ನು ಗಾಳಿ ಸ್ವಲ್ಪ ಮೇಲಕ್ಕೆ ಎತ್ತುತ್ತದೆ. ಎಷ್ಟು ಅಂದರೆ, ಆ ವಸ್ತು ಎಷ್ಟು ಗಾಳಿಯ ಜಾಗ ಹಿಡಿದಿದೆಯೋ ಆ ಗಾಳಿಯ ತೂಕದಷ್ಟು. 1 ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. ಮೊದಲು ಬಲೂನು ಚಪ್ಪಟೆ ಇತ್ತು, ಉಬ್ಬಿದ ಮೇಲೆ ಹೊಸದಾಗಿ 1 ಲೀಟರ್ ಜಾಗ ಹಿಡಿಯಿತು ಅಂದುಕೊಳ್ಳಿ, ಆಗ ತಕ್ಕಡಿ 1.2 ಗ್ರಾಂ ಕಡಿಮೆ ತೋರಿಸಲೇಬೇಕು. ಒಳಗಿನ ರಾಶಿ ಅಷ್ಟೇ ಇದೆ. ತಕ್ಕಡಿ ತೋರಿಸುವುದು ಕೆಳಕ್ಕೆ ಒತ್ತುವ ಬಲವನ್ನು, ಆ ಒತ್ತಡ ಮಾತ್ರ ಕಡಿಮೆಯಾಗಿದೆ. ವೀಡಿಯೋಗಳಲ್ಲಿ ಇದನ್ನು ಹೇಳದೆ ಬಿಟ್ಟರೆ ಮಕ್ಕಳು ಸೋರಿಕೆ ಹುಡುಕುತ್ತಾ ಕೂರುತ್ತಾರೆ.

ಉಬ್ಬದ ಪಾತ್ರೆಯಲ್ಲಿ ಮಾಡಿ. ತಂಪು ಪಾನೀಯದ 1 ಲೀಟರ್ ಪ್ಲಾಸ್ಟಿಕ್ ಬಾಟಲಿ ಸಾಕು, ಅದು ಒತ್ತಡ ತಡೆಯಲೆಂದೇ ಮಾಡಿದ್ದು. ಗಾಜಿನ ಬಾಟಲಿ ಬೇಡವೇ ಬೇಡ, ತೆಳ್ಳನೆಯ ನೀರಿನ ಬಾಟಲಿಯೂ ಬೇಡ. ಅದರಲ್ಲಿ 100 ಮಿಲಿ ವಿನೆಗರ್ ಹಾಕಿ. 4 ಗ್ರಾಂ ಅಡುಗೆ ಸೋಡಾ ತೂಗಿ ಟಿಶ್ಯೂ ಪೇಪರಿನಲ್ಲಿ ಸುತ್ತಿ. ಬಾಟಲಿ, ಮುಚ್ಚಳ, ಪೊಟ್ಟಣ ಎಲ್ಲ ಸೇರಿಸಿ ತೂಗಿ ಬರೆದುಕೊಳ್ಳಿ. ಪೊಟ್ಟಣ ಒಳಗೆ ಹಾಕಿ ತಕ್ಷಣ ಮುಚ್ಚಳ ಬಿಗಿ ಮಾಡಿ. ಗುಳ್ಳೆ ನಿಂತ ಮೇಲೆ ಮತ್ತೆ ತೂಗಿ. ಬಾಟಲಿ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ತೂಕ ಮಾತ್ರ ಹೆಚ್ಚುಕಮ್ಮಿ ಮೊದಲಿನಷ್ಟೇ. ಆಮೇಲೆ ಮುಚ್ಚಳವನ್ನು ಮುಖದಿಂದ ಆಚೆ ತಿರುಗಿಸಿ ನಿಧಾನಕ್ಕೆ ಸಡಿಲ ಮಾಡಿ. ಬುಸ್ ಅಂತ ಅನಿಲ ಹೋಗುತ್ತದೆ. ಈಗ ತೂಗಿದರೆ ಒಂದು ಗ್ರಾಂಗಿಂತ ಜಾಸ್ತಿ ಇಳಿದಿರುತ್ತದೆ.

4 ಗ್ರಾಂ ಸೋಡಾದಿಂದ ಬರುವುದು ಸುಮಾರು 2.1 ಗ್ರಾಂ ಕಾರ್ಬನ್ ಡೈಆಕ್ಸೈಡ್. ಅಷ್ಟೂ ಒಂದೇ ಸಲ ಹೊರಗೆ ಹೋಗುವುದಿಲ್ಲ, ಸ್ವಲ್ಪ ನೀರಿನಲ್ಲೇ ಕರಗಿರುತ್ತದೆ, ಸ್ವಲ್ಪ ಬಾಟಲಿಯ ಖಾಲಿ ಜಾಗದಲ್ಲಿ ಉಳಿಯುತ್ತದೆ. ನಿಮ್ಮ ಮಗಳು 2.1 ಯಾಕೆ ಬರಲಿಲ್ಲ ಅಂತ ಕೇಳಿದರೆ ಈ ಉತ್ತರ ಕೊಡಿ. ಮಾಡುವಾಗ ದೊಡ್ಡವರು ಪಕ್ಕದಲ್ಲಿರಿ, ಸೋಡಾ ಪ್ರಮಾಣ ಜಾಸ್ತಿ ಮಾಡಬೇಡಿ.

ಸುಟ್ಟ ಸುಣ್ಣದ ಪ್ರಯೋಗ ಮಾತ್ರ ಮನೆಯಲ್ಲಿ ಮಕ್ಕಳ ಕೈಗೆ ಕೊಡಬೇಡಿ. ನೀರು ಬಿದ್ದಾಗ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಒತ್ತಿ ಕಣ್ಣಿಗೆ ಸಿಡಿದು ಎಷ್ಟೋ ಮಕ್ಕಳಿಗೆ ತೊಂದರೆಯಾಗಿದೆ. ಬಿದ್ದರೆ ತಡಮಾಡದೆ ಧಾರಾಳ ನೀರು ಹಾಕಿ ಬಹಳ ಹೊತ್ತು ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು.


ಕೆಮಿಸ್ಟ್ರಿ ಎಂಎಸ್ಸಿ

ಈ ಪ್ರಶ್ನೆ ನಿಮ್ಮ ಮಗಳಿಗಿಂತ ಮುಂಚೆ ದೊಡ್ಡ ದೊಡ್ಡವರನ್ನೇ ಕಾಡಿತ್ತು, ಅದೂ ಇದೇ ಸುಣ್ಣದ ವಿಷಯದಲ್ಲಿ. ಸುಟ್ಟ ಸುಣ್ಣ ಅಷ್ಟು ಸುಡುವುದು ಯಾಕೆ ಅಂದರೆ, ಗೂಡಿನ ಬೆಂಕಿಯಿಂದ ಏನೋ ಒಂದು ಅದರೊಳಗೆ ಸೇರಿಕೊಂಡಿದೆ ಅಂತ ಯುರೋಪಿನಲ್ಲಿ ಆಗ ತುಂಬಾ ಜನ ನಂಬಿದ್ದರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ತಕ್ಕಡಿ ಇಟ್ಟುಕೊಂಡು ಅದನ್ನು ಪರೀಕ್ಷಿಸಿದರು, 1756ರಲ್ಲಿ ಪ್ರಕಟಿಸಿದರು. ಸುಟ್ಟಾಗ ತೂಕ ಇಳಿಯುತ್ತದೆ, ಅಂದರೆ ಒಳಗೆ ಸೇರಿದ್ದು ಏನೂ ಇಲ್ಲ, ಹೊರಗೆ ಹೋಗಿದ್ದು ಇದೆ. ಹೋಗಿದ್ದು ಒಂದು ಬಗೆಯ ಗಾಳಿ. ಆ ಗಾಳಿಯನ್ನು ಸುಣ್ಣಕ್ಕೆ ವಾಪಸ್ ಕೊಟ್ಟರೆ ಮೊದಲಿನ ಸೀಮೆಸುಣ್ಣ (ಅದೂ ಕ್ಯಾಲ್ಸಿಯಂ ಕಾರ್ಬೋನೇಟೇ) ಹೆಚ್ಚುಕಮ್ಮಿ ಅಷ್ಟೇ ತೂಕಕ್ಕೆ ಸಿಗುತ್ತದೆ ಅಂತ ತೋರಿಸಿದರು. ಇವತ್ತು ನಾವು ಕಾರ್ಬನ್ ಡೈಆಕ್ಸೈಡ್ ಅನ್ನುವುದು ಅದನ್ನೇ.

ಲೋಹದಲ್ಲಿ ಇದು ಉಲ್ಟಾ. ತವರ, ಸೀಸ ಗಾಳಿಯಲ್ಲಿ ಕಾಸಿದರೆ ತೂಕ ಏರುತ್ತದೆ. ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಲೋಹ ಕಾಸಿ 1673ರಲ್ಲಿ ಬರೆದರು. ಆದರೆ ಅವರು ಪಾತ್ರೆಯ ಬಾಯಿ ಒಡೆದ ಮೇಲೆ ತೂಗಿದರು. ಒಡೆದಾಗ ಹೊರಗಿನ ಗಾಳಿ ಒಳನುಗ್ಗಿತ್ತು. ಏರಿದ ತೂಕ ಬೆಂಕಿಯ ಕಣಗಳದ್ದು, ಅವು ಗಾಜನ್ನೇ ದಾಟಿ ಬಂದಿವೆ ಅಂತ ಅವರು ತಿಳಿದುಕೊಂಡರು. ಸುಮಾರು ನೂರು ವರ್ಷದ ನಂತರ, 1774ರಲ್ಲಿ, ಫ್ರಾನ್ಸಿನ ಲಾವೋಸಿಯೆ ತವರವನ್ನು ಹಾಗೇ ಮುಚ್ಚಿ ಕಾಸಿದರು, ಆದರೆ ಒಡೆಯುವ ಮೊದಲೇ ತೂಗಿದರು. ತೂಕ ಬದಲಾಗಿರಲಿಲ್ಲ. ಆಮೇಲೆ ಬಾಯಿ ತೆರೆದರು, ಗಾಳಿ ಒಳಗೆ ಹೋಯಿತು, ಆಗ ತೂಕ ಏರಿತು. ಬೆಂಕಿಯ ಕಣ ಗಾಜು ದಾಟಿ ಬಂದಿದ್ದರೆ ಮೊದಲ ತೂಕದಲ್ಲೇ ಅದು ಸಿಗಬೇಕಿತ್ತು. ತವರ ಹೀರಿಕೊಂಡಿದ್ದು ಪಾತ್ರೆಯೊಳಗಿನ ಗಾಳಿಯ ಒಂದು ಭಾಗವನ್ನು. ಪ್ರಯೋಗ ಹೆಚ್ಚುಕಮ್ಮಿ ಅದೇ, ಯಾವಾಗ ತೂಗಿದರು ಅನ್ನುವುದೊಂದೇ ವ್ಯತ್ಯಾಸ. ನನಗೆ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಇಷ್ಟವಾದ ಪ್ರಯೋಗ ಇನ್ನೊಂದಿಲ್ಲ. ರಷ್ಯಾದ ಲೊಮೊನೊಸೋವ್ ಕೂಡ 1756ರಲ್ಲೇ ಮುಚ್ಚಿದ ಪಾತ್ರೆಯಲ್ಲಿ ಇಂಥದೇ ಪ್ರಯೋಗ ಮಾಡಿದ್ದರು. ಕ್ರಿಯೆಯ ಮೊದಲು ಎಷ್ಟು ವಸ್ತು ಇತ್ತೋ ನಂತರವೂ ಅಷ್ಟೇ ಇರುತ್ತದೆ ಅನ್ನುವುದನ್ನು ಲಾವೋಸಿಯೆ 1789ರ ತಮ್ಮ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದರು.

ಮೇಷ್ಟ್ರ ಕರ್ಪೂರಕ್ಕೂ ಲೆಕ್ಕ ಇದೆ. 152 ಗ್ರಾಂ ಕರ್ಪೂರ ಮಸಿ ಇಲ್ಲದೆ ಪೂರ್ತಿ ಉರಿಯಿತು ಅಂತ ಇಟ್ಟುಕೊಂಡರೆ ಅದು ಗಾಳಿಯಿಂದ 432 ಗ್ರಾಂ ಆಮ್ಲಜನಕ ತೆಗೆದುಕೊಳ್ಳುತ್ತದೆ. ಆಮೇಲೆ 440 ಗ್ರಾಂ ಕಾರ್ಬನ್ ಡೈಆಕ್ಸೈಡ್, 144 ಗ್ರಾಂ ನೀರಿನ ಆವಿ. ಎರಡೂ ಕಡೆ 584. ಉರಿದು ಹೋಯಿತು ಅನ್ನುತ್ತೇವೆ, ಆದರೆ ಹುಟ್ಟಿದ್ದು ಕರ್ಪೂರದ ಮೂರು ಪಟ್ಟಿಗಿಂತ ಜಾಸ್ತಿ ತೂಕದ ವಸ್ತು.

ಐನ್‌ಸ್ಟೈನ್ ಸಮೀಕರಣದ ಪ್ರಕಾರ ಶಾಖ ಹೋದರೆ ರಾಶಿಯೂ ಹೋಗಬೇಕಲ್ಲ ಅಂತ ಅಣ್ಣ ಕೇಳಬಹುದು. ಹೋಗುತ್ತದೆ. ಆದರೆ 12 ಗ್ರಾಂ ಇಂಗಾಲ ಪೂರ್ತಿ ಉರಿದಾಗ ಶಾಖದ ಜೊತೆ ಹೋಗುವುದು ಒಂದು ಗ್ರಾಂನ 100 ಕೋಟಿ ಪಾಲಿನಲ್ಲಿ ಸುಮಾರು 4 ಪಾಲು. ಶಾಲೆಯ ಯಾವ ತಕ್ಕಡಿಗೂ ಇದು ಸಿಗುವುದಿಲ್ಲ, ಹಾಗಾಗಿ ರಸಾಯನಶಾಸ್ತ್ರದ ಲೆಕ್ಕಕ್ಕೆ ಅದನ್ನು ಬಿಟ್ಟುಬಿಡಬಹುದು.


ಸೇಡಂ ರಸ್ತೆ

ನಮ್ಮ ಕಲಬುರಗಿ ಕಡೆ ನೆಲದಲ್ಲೆಲ್ಲ ಸುಣ್ಣದ ಕಲ್ಲು, ಶಹಾಬಾದ್ ಕಲ್ಲೂ ಅದೇ ಜಾತಿ. ಅದಕ್ಕೇ ವಾಡಿ, ಸೇಡಂ ಸುತ್ತ ಸಿಮೆಂಟ್ ಫ್ಯಾಕ್ಟರಿಗಳು. ಮೇಷ್ಟ್ರು ಹೇಳಿದ 44 ಕಿಲೋ ಇದೆಯಲ್ಲ, ಅದು ಇವತ್ತು ಇಡೀ ಜಗತ್ತಿನ ಚಿಂತೆ. ಸಿಮೆಂಟ್ ತಯಾರಿಕೆಯಲ್ಲಿ ಹೊರಬೀಳುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಸುಡುವ ಕಲ್ಲಿದ್ದಲಿನಿಂದಲ್ಲ, ಸುಣ್ಣದ ಕಲ್ಲಿನಿಂದಲೇ. ಕಲ್ಲಿದ್ದಲು ಬಿಟ್ಟು ಸೌರ ವಿದ್ಯುತ್ತಿನಿಂದ ಗೂಡು ಕಾಯಿಸಿದರೂ ಆ ಪಾಲು ಹೊರಗೆ ಬಂದೇ ಬರುತ್ತದೆ, ಏಕೆಂದರೆ ಅದು ಕಲ್ಲಿನ ತೂಕದೊಳಗೇ ಇದೆ. ಈ ನಿಯಮ ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಅಂತ ಮಕ್ಕಳು ಅಂದುಕೊಳ್ಳಬಾರದು.


ಅಘನಾಶಿನಿ ತೀರ

ಬಾಟಲಿ ಪ್ರಯೋಗ ಸರಿಯಾಗಿ ಬಂತು, ಮುಚ್ಚಳ ಬಿಗಿ ಇದ್ದಾಗ ತೂಕ ಅಲ್ಲಾಡಲಿಲ್ಲ. ಎಲ್ಲರಿಗೂ ಧನ್ಯವಾದ. ಇನ್ನೊಂದೇ ಒಂದು. ಗೋಡೆಯಿಂದ 18 ಕಿಲೋ ನೀರು ಹೊರಗೆ ಬರುತ್ತದೆ ಅಂದಿರಲ್ಲ ಮೇಷ್ಟ್ರೇ, ಅದು ಕಣ್ಣಿಗೆ ಕಾಣುತ್ತದೆಯೇ?


ಹೈಸ್ಕೂಲ್ ಮೇಷ್ಟ್ರು

ತೆಳ್ಳಗೆ ಸುಣ್ಣ ಬಳಿದ ಗೋಡೆಯಲ್ಲಿ ಕಾಣುವುದಿಲ್ಲ, ಬಂದ ಹಾಗೇ ಆರಿಹೋಗುತ್ತದೆ. ದಪ್ಪ ಸುಣ್ಣದ ಗಾರೆ ಹಾಕಿದ ಹಳೆಯ ಕಾಲದ ಮನೆಗಳಲ್ಲಿ ಕಾಣುತ್ತಿತ್ತು. ಬೇಗ ಒಣಗಲಿ ಅಂತ ಹೊಸ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಟ್ಟರೆ ಅದರ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಗಾರೆ ಬೇಗ ಗಟ್ಟಿಯಾಗುತ್ತದೆ, ಆದರೆ ಅಷ್ಟೇ ವೇಗದಲ್ಲಿ ನೀರು ಹೊರಬಂದು ಗೋಡೆ ಬೆವರಿದ ಹಾಗೆ ಒದ್ದೆಯಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಒಳಗೆ ಇರುವುದು ಪ್ರಾಣಕ್ಕೇ ಅಪಾಯ, ಅದನ್ನು ಮಾತ್ರ ಯಾರೂ ಮಾಡಬೇಡಿ.